ರೋಡ್-ರೈಲ್ ಶಂಟರ್: ಆರು ವರ್ಷ ಓಡಿಸಿದ ಮೇಲೆ

ಕಲಬುರಗಿ ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ರೈಲ್ವೆ ಸೈಡಿಂಗ್, ಅಂದರೆ ಕಾರ್ಖಾನೆಯೊಳಗಿನ ರೈಲು ಹಳಿಗಳನ್ನು ನೋಡಿಕೊಳ್ಳೋದು ನನ್ನ ಕೆಲಸ. ರಸ್ತೆಯ ಮೇಲೂ ಹಳಿಯ ಮೇಲೂ ಓಡುತ್ತಾ ವ್ಯಾಗನ್‌ಗಳನ್ನು ಎಳೆದು ಸರಿಸುವ ಗಾಡಿ, ಅಂದರೆ ಶಂಟರ್, ನಮ್ಮಲ್ಲಿಗೆ ಬಂದು ಆರು ವರ್ಷವಾಯಿತು. ಕಂಪನಿ ಹೆಸರು ಕೇಳಬೇಡಿ, ಹೇಳಲ್ಲ. ನಮ್ಮದು ರಬ್ಬರ್ ಟೈರ್ ಹಳಿಯನ್ನೊತ್ತಿ ಎಳೆಯುವ ಬಗೆಯದು. ಹಿಂದೆ ಮುಂದೆ ಇರುವ ಚಿಕ್ಕ ಉಕ್ಕಿನ ಗೈಡ್ ವೀಲ್‌ಗಳ ಕೆಲಸ ಹಳಿ ಬಿಡದಂತೆ ಹಿಡಿದುಕೊಳ್ಳುವುದಷ್ಟೇ.

ಬ್ರೋಷರ್‌ನಲ್ಲಿ 1,000 ಟನ್ ಎಳೆಯುತ್ತದೆ ಎಂದಿತ್ತು. ತುಂಬಿದ ಬಿಸಿಎನ್‌ಎಚ್‌ಎಲ್ (ಸಿಮೆಂಟ್ ಚೀಲ ತುಂಬುವ ಮುಚ್ಚಿದ) ವ್ಯಾಗನ್ ಒಂದಕ್ಕೆ 91.6 ಟನ್, ಅಂದರೆ ಹತ್ತು ವ್ಯಾಗನ್ ಆಯಿತು. ನಾವು ಆರಕ್ಕಿಂತ ಹೆಚ್ಚು ಹಾಕುವುದಿಲ್ಲ. ಎಳೆಯೋದೇನೋ ಎಳೆಯುತ್ತದೆ, ನಿಲ್ಲಿಸೋದು ಯಾರು? ಎರಡನೇ ಮಳೆಗಾಲದಲ್ಲಿ ಒಂದು ದಿನ ಅವಸರಕ್ಕೆ ಬ್ರೇಕ್ ಪೈಪ್ (ವ್ಯಾಗನ್‌ಗಳ ಬ್ರೇಕಿಗೆ ಗಾಳಿ ಒಯ್ಯುವ ಕೊಳವೆ) ಜೋಡಿಸದೆ ನಾಲ್ಕು ತುಂಬಿದ ವ್ಯಾಗನ್ ಹೊರಡಿಸಿದೆವು. ಹಳಿಯ ಮೇಲೆ ಕಲ್ಲಿದ್ದಲ ಪುಡಿ, ಸಿಮೆಂಟ್ ಧೂಳು, ಮಳೆನೀರು ಸೇರಿ ಸಾರಣೆ ಮಾಡಿದಂತೆ ನುಣ್ಣಗಾಗಿತ್ತು. ಟೈರ್ ನಿಂತವು, ಗಾಡಿ ನಿಲ್ಲಲಿಲ್ಲ. ವ್ಯಾಗನ್‌ಗಳೇ ಅದನ್ನು ತಳ್ಳಿಕೊಂಡು ಹೊರಟವು. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಓಡಿಹೋಗಿ ಚಕ್ರಕ್ಕೆ ಮರದ ಬೆಣೆ ಕೊಟ್ಟಿದ್ದರಿಂದ ಬಚಾವ್. ಅವತ್ತಿನಿಂದ ಬ್ರೇಕ್ ಪೈಪಿನಲ್ಲಿ 5 ಕೆಜಿ ಒತ್ತಡ ತೋರದೆ ಗಾಡಿ ಅಲುಗಾಡುವಂತಿಲ್ಲ. ಇದರ ಕಂಪ್ರೆಸರ್ ಚಿಕ್ಕದು, ರೈಲು ಎಂಜಿನ್‌ನಷ್ಟು ಬೇಗ ಗಾಳಿ ತುಂಬಲ್ಲ. ಕಾಯಬೇಕು. ಅಂದಹಾಗೆ ಅವತ್ತು ಟೈರ್ ಜಾರದಂತೆ ಹಳಿಗೆ ಮರಳು ಸುರಿಯುವ ಪೈಪೂ ಕಟ್ಟಿಕೊಂಡಿತ್ತು. ಮರಳು ಹುರಿದು ಒಣಗಿಸಿ ತುಂಬಿ, ಹಸಿ ಮರಳು ನಡೆಯಲ್ಲ.

ಹಾಗಾದರೆ ಇದು ಯಾಕೆ ಬೇಕು? ಒಂದನೇ ಲೈನಿನಲ್ಲಿ ಖಾಲಿ ವ್ಯಾಗನ್ ಇಟ್ಟು, ನಾಲ್ಕನೇ ಲೈನಿನಲ್ಲಿರುವ ಸಿಕ್ (ಕೆಟ್ಟುನಿಂತ) ವ್ಯಾಗನ್ ತೆಗೆಯಬೇಕು ಅಂತಿಟ್ಟುಕೊಳ್ಳಿ. ಎಂಜಿನ್ ಆದರೆ ಯಾರ್ಡ್ ತುದಿಯವರೆಗೆ ಹೋಗಿ, ಪಾಯಿಂಟ್ ತಿರುಗಿಸಿಕೊಂಡು, ಮತ್ತೆ ಹಿಂದಕ್ಕೆ ಬರಬೇಕು. ನಡುವೆ ರೇಕ್ (ವ್ಯಾಗನ್‌ಗಳ ಸಾಲು) ನಿಂತಿದ್ದರೆ ಮುಗಿಯಿತು ಕಥೆ. ಇದು ಲೆವೆಲ್ ಕ್ರಾಸಿಂಗ್‌ನಲ್ಲಿ ಗೈಡ್ ವೀಲ್ ಎತ್ತಿ, ಹಳಿ ಬಿಟ್ಟು, ರಸ್ತೆ ಹಿಡಿದು, ಲಾರಿಗಳ ನಡುವೆ ನುಸುಳಿ ಆ ಕಡೆ ಹೋಗಿ ನಿಲ್ಲುತ್ತದೆ. ಡೆಮರೇಜ್ (ವ್ಯಾಗನ್ ತಡಮಾಡಿದ್ದಕ್ಕೆ ರೈಲ್ವೆಗೆ ಕಟ್ಟುವ ದಂಡ) ಗಡಿಯಾರ ಓಡುತ್ತಿರುವಾಗ ಇದರ ಬೆಲೆ ಗೊತ್ತಾಗೋದು. ಬರೀ ಎಳೆಯುವುದಕ್ಕೆ ಬೇಕಿದ್ದರೆ ಎಂಜಿನ್ ಬಾಡಿಗೆಗೆ ತಗೊಳ್ಳಿ.

ಹಳಿಗೆ ಹತ್ತಿಸುವುದರಲ್ಲಿದೆ ಕೈಚಳಕ. ನಮ್ಮ ಹಳೇ ಆಪರೇಟರ್ ಕಾಂಕ್ರೀಟಿನ ಮೇಲೆ ಬಿಳಿ ಬಣ್ಣದಲ್ಲಿ ಎರಡು ಗೆರೆ ಎಳೆದುಕೊಂಡಿದ್ದಾನೆ. ಟೈರಿನ ಅಂಚು ಗೆರೆಗೆ ತಾಗಿದರೆ ಗೈಡ್ ವೀಲ್ ಸರಿಯಾಗಿ ಹಳಿಯ ಒಳಮಗ್ಗುಲಿಗೆ ಇಳಿಯುತ್ತದೆ. ನಾಲ್ಕು ನಿಮಿಷದ ಕೆಲಸ. ಹೊಸ ಹುಡುಗ ಇಪ್ಪತ್ತು ನಿಮಿಷ ಹಿಂದೆ ಮುಂದೆ ಮಾಡುತ್ತಾ ಬೆವರು ಒರೆಸಿಕೊಳ್ಳುವಾಗ ಇವನು ಬೀಡಿ ಸೇದುತ್ತಾ, "ಅವಸರ ಮಾಡಬ್ಯಾಡೋ ತಮ್ಮಾ, ಹಳಿ ಎಲ್ಲೂ ಓಡಿಹೋಗಂಗಿಲ್ಲ" ಅಂತಾನೆ.

ಖರ್ಚಿನ ಮಾತಿಗೆ ಬಂದರೆ ಮೊದಲು ಟೈರ್. 52 ಕೆಜಿ ಹಳಿಯ (ಮೀಟರಿಗೆ ಅಷ್ಟು ತೂಕ) ತಲೆ ಬರೀ 67 ಮಿ.ಮೀ. ಅಗಲ. ಗಾಡಿಯ ಭಾರವೆಲ್ಲ ಆ ಪಟ್ಟಿಯ ಮೇಲೆ ಬೀಳುವುದರಿಂದ ಟೈರಿನ ನಡುವೆ ಕಾಲುವೆ ತೋಡಿದಂತೆ ಸವೆಯುತ್ತದೆ, ಅಂಚು ಹೊಸದರಂತೆಯೇ ಇರುತ್ತದೆ. ಆಮೇಲೆ ಹೈಡ್ರಾಲಿಕ್ ಹೋಸ್. ಕಲಬುರಗಿಯ ಬೇಸಿಗೆ ಯಾವ ರಬ್ಬರನ್ನೂ ಬಿಡಲ್ಲ. ಎರಡು ಹೋಸ್ ಸದಾ ಸ್ಟೋರ್‌ನಲ್ಲಿರಲಿ. ಸರ್ವಿಸ್‌ನವರು ಫೋನಿನಲ್ಲಿ "ನಾಳೆ" ಎಂದರೆ ಒಂದು ವಾರ ಅಂತ ಅರ್ಥ.

ಹೊರದೇಶದ ಸೆಕೆಂಡ್ ಹ್ಯಾಂಡ್ ಗಾಡಿ ಅಗ್ಗ ಅಂತ ಆಸೆಪಡುವವರಿಗೆ ಒಂದು ಮಾತು. ಯುರೋಪಿನ ಬಹುಪಾಲು ಕಡೆ ಗೇಜ್ (ಎರಡು ಹಳಿಗಳ ನಡುವಿನ ಅಂತರ) 1,435 ಮಿ.ಮೀ., ನಮ್ಮದು 1,676. ಆಕ್ಸಲ್, ರಿಮ್, ಗೈಡ್ ವೀಲ್ ಎಲ್ಲ ಬದಲಿಸುವ ಹೊತ್ತಿಗೆ ಅಗ್ಗದ್ದು ಅನ್ನೋದು ಉಳಿಯಲ್ಲ.

ಹೋದ ತಿಂಗಳು ಮ್ಯಾನೇಜರ್ ಕರೆದು, ಎರಡನೇದು ತರಿಸೋಣವೇ ಎಂದರು. ಮೊದಲು ನಾಲ್ಕನೇ ಲೈನಿನ ತುದಿಗೆ ಇನ್ನೊಂದು ಕಾಂಕ್ರೀಟ್ ಕ್ರಾಸಿಂಗ್ ಹಾಕಿಸಿ, ಇರುವ ಒಂದೇ ಎರಡರ ಕೆಲಸ ಮಾಡುತ್ತದೆ ಅಂದೆ. ಫೈಲ್ ಸಿವಿಲ್‌ನವರ ಟೇಬಲ್ ಮೇಲಿದೆ.