ಫೋನಿನ ಪೂಲ್ ಕೈಕೊಟ್ಟಿತು, ಮೌಸಿನ ಪೂಲ್ ಉಳಿಯಿತು

ಪೂಲ್ ಅಂದರೆ ಕೋಲಿನಿಂದ ಬಾಲ್ ಹೊಡೆದು ಮೇಜಿನ ಪಾಕೆಟ್ಟಿಗೆ ಬೀಳಿಸುವ ಆಟ. ಅದನ್ನು ಫೋನಿನಲ್ಲಿ ಆಡುವುದೋ ಕಂಪ್ಯೂಟರಿನಲ್ಲೋ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕಂಪ್ಯೂಟರಿನ ವರ್ಚುವಲ್ ಪೂಲ್ 4ಕ್ಕೆ. 2012ರ ಹಳೇ ಆಟ, ಇರಲಿ. ಫೋನಿನ ಆಟಕ್ಕೆ ಸುರಿದ ದುಡ್ಡಿನ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಮನೆ ಶಿರಸಿಯಿಂದ ಒಳಗೆ, ಅಡಿಕೆ ತೋಟದ ಪಕ್ಕ. ಹುಬ್ಬಳ್ಳಿಯಲ್ಲಿ ಓದುವಾಗ ಹಾಸ್ಟೆಲ್ ಹತ್ತಿರದ ಪೂಲ್ ಪಾರ್ಲರಿನಲ್ಲಿ ಹತ್ತಿದ ಚಟ ಇದು. ಊರಿಗೆ ಬಂದ ಮೇಲೆ 9 ಅಡಿ ಮೇಜು ಎಲ್ಲಿಂದ ತರುವುದು? ಹಾಗಾಗಿ ಫೋನಿನಲ್ಲೊಂದು ಪೂಲ್ ಆಟ ಹಾಕಿಕೊಂಡೆ. ಹೆಸರು ಬೇಡ. ಪುಕ್ಕಟೆ ಅಂತ ಶುರುವಾಗುತ್ತದೆ, ಆಮೇಲೆ ಕಾಯಿನ್ ಪಣಕ್ಕಿಟ್ಟು ಆಡಬೇಕು. ನಾನೂ ಮುನ್ನೂರು ರೂಪಾಯಿ ಕೊಟ್ಟು ಕಾಯಿನ್ ಕೊಂಡೆ.

ನಮ್ಮಲ್ಲಿ ಸಿಗ್ನಲ್ ಸಿಗುವುದು ಜಗುಲಿಯ ಒಂದೇ ಮೂಲೆಯಲ್ಲಿ, ಅದೂ ಕಂಬಕ್ಕೆ ಒರಗಿ ಕೂತರೆ. ಜುಲೈ ಮಳೆ. ಎದುರಿನವನದು ಇನ್ನೂ ಐದು ಬಾಲ್ ಬಾಕಿ. ನನಗೆ ಕೊನೆಗೆ ಬೀಳಿಸಬೇಕಾದ ಬ್ಲ್ಯಾಕ್ ಬಾಲ್ ಒಂದೇ, ಅದೂ ಪಾಕೆಟ್ಟಿನ ಬಾಯಲ್ಲೇ ಕೂತಿದೆ. ಕರೆಂಟ್ ಹೋಯಿತು. ಅದರ ಹಿಂದೆಯೇ ಟವರೂ ಹೋಯಿತು. ಪರದೆ ಮೇಲೆ ಚಕ್ರ ಸುಮ್ನೆ ತಿರುಗುತ್ತಾ ಇತ್ತು. ನೆಟ್ ಬಂದಾಗ ನೋಡಿದರೆ ನಾನು ಸೋತಿದ್ದೆ, ಕಾಯಿನ್ ಅವನ ಪಾಲಾಗಿತ್ತು.

ಒಂದು ಸಲವಾದರೆ ನಕ್ಕು ಬಿಡಬಹುದು. ಆ ವಾರ ನಾಲ್ಕು ಸಲ ಹೀಗಾಯಿತು. ಕೊನೆಗೆ ಅಂಗಳದ ತುದಿಯಲ್ಲಿ ಕೊಡೆ ಹಿಡಿದು ನಿಂತು ಆಡಿದೆ. "ಮಳೇಲಿ ಎಂತದೋ ತಮಾ ಅದು?" ಅಂತ ಆಯಿ ಒಳಗಿಂದ ಕೂಗಿದಳು. ಅವತ್ತೂ ಗೆಲ್ಲಲಿಲ್ಲ.

ಇನ್ನು ಆ ಗುರಿಯ ಗೆರೆ. ಬಾಲ್ ಎಲ್ಲಿಗೆ ಹೋಗುತ್ತದೆ ಅಂತ ಫೋನೇ ಗೆರೆ ಎಳೆದು ತೋರಿಸಿದರೆ ನನಗೇನು ಕೆಲಸ? ನಿಜವಾದ ಮೇಜಿನಲ್ಲಿ ಸೈಡ್ ಸ್ಪಿನ್ ಕೊಟ್ಟರೆ, ಅಂದರೆ ಬಾಲಿನ ಮಧ್ಯ ಬಿಟ್ಟು ಬದಿಗೆ ಹೊಡೆದು ತಿರುಗಿಸಿದರೆ, ನಾವು ಕೋಲಿನಿಂದ ಹೊಡೆಯುವ ವೈಟ್ ಬಾಲೇ ಚೂರು ಪಕ್ಕಕ್ಕೆ ಸರಿಯುತ್ತದೆ. ತಾಗಿದ ಬಾಲೂ ಉಜ್ಜಿಕೊಂಡು ದಾರಿ ತಪ್ಪುತ್ತದೆ. ವರ್ಚುವಲ್ ಪೂಲ್‌ನಲ್ಲಿ ಸಹಾಯದ ಗೆರೆ ಬೇಡವೆಂದರೆ ತೆಗೆದುಬಿಡಬಹುದು. ಹೊಡೆಯಲು ಎಸ್ ಕೀ ಒತ್ತಿ ಹಿಡಿದು, ಮೌಸನ್ನು ಹಿಂದಕ್ಕೆಳೆದು ಮುಂದಕ್ಕೆ ದೂಡಬೇಕು. ಕೈಯ ಜೋರು ಎಷ್ಟೋ ಹೊಡೆತ ಅಷ್ಟೇ. ಕೈ ನಡುಗಿದರೆ ಶಾಟೂ ಕೆಟ್ಟಿತು.

ಟಚ್‌ಪ್ಯಾಡಿನಲ್ಲಿ ಇದು ಸಾಗುವುದಿಲ್ಲ, ಮೌಸ್ ಬೇಕೇ ಬೇಕು. ನಾನು ಊಟಕ್ಕೆ ಕೂರುವ ಮಣೆ ತಂದಿಟ್ಟುಕೊಂಡೆ. ಹಲಸಿನ ಮರದ್ದು, ಕೂತು ಕೂತು ನುಣುಪಾಗಿದೆ. ಅದರ ಮೇಲೆ ಮೌಸ್ ಚೆನ್ನಾಗಿ ಜಾರುತ್ತದೆ. ಬ್ರೇಕ್, ಅಂದರೆ ಬಾಲುಗಳನ್ನು ಚದುರಿಸುವ ಮೊದಲ ಜೋರು ಹೊಡೆತ, ಹೊಡೆಯುವಾಗ ಮಾತ್ರ ಚಹಾ ಲೋಟ ದೂರ ಇಡಿ.

ಇದೇ ವರ್ಚುವಲ್ ಪೂಲ್‌ನಲ್ಲಿ ಪೂಲ್ ಥರದ್ದೇ ಇನ್ನೊಂದು ಆಟ ಸ್ನೂಕರೂ ಇದೆ. ಅದು 1875ರಲ್ಲಿ ಜಬಲ್ಪುರದಲ್ಲಿ ಹುಟ್ಟಿದ ನಮ್ಮ ನೆಲದ ಆಟವೇ. ಆದರೆ 12 ಅಡಿ ಮೇಜು, ಸಣ್ಣ ಬಾಲು, ನನ್ನಿಂದಾಗದು.

ನಿಜವಾದ ಮೇಜೇ ಬೇಕು ಅಂತ ಒಮ್ಮೆ ಘಟ್ಟ ಇಳಿದು ಕಾರವಾರದಲ್ಲೂ ಆಡಿ ಬಂದೆ. ತೇವ ಹಿಡಿದ ಬಟ್ಟೆ ಮೇಲೆ ಬಾಲ್ ಅರ್ಧಕ್ಕೇ ಸುಸ್ತಾಗುತ್ತಿತ್ತು. ಬಸ್ ಚಾರ್ಜೇ ಆಟಕ್ಕಿಂತ ಜಾಸ್ತಿ ಬಿತ್ತು.

ಪೇಟೆಯಲ್ಲಿದ್ದು, ಬಸ್ ಬರುವವರೆಗೆ ಹತ್ತು ನಿಮಿಷ ಕಳೆಯುವವರಿಗೆ ಫೋನಿನ ಆಟ ಸಾಕು. ನನ್ನದು ರಾತ್ರಿ ಊಟವಾದ ಮೇಲೆ, ಒಬ್ಬನೇ, ಕಂಪ್ಯೂಟರ್ ಎದುರು ಆಡುವ ಆಟ. ಒಮ್ಮೆ ದುಡ್ಡು ಕೊಟ್ಟಿದ್ದೇ ಕೊನೆ, ಮತ್ತೆ ಕೇಳಿಲ್ಲ. ನಿನ್ನೆಯೂ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನೈನ್ ಬಾಲ್ (ಒಂಬತ್ತು ಬಾಲಿನ ಪೂಲ್) ಪೂರ್ತಿ ಆಡಿ ಮುಗಿಸಿದೆ. ಸೋತೆ, ಆದರೆ ಆಡಿ ಸೋತೆ.