ಎರಡು ಬ್ಲಾಕರ್ ಅಡ್ಡ ನಿಂತಾಗ: ಮ್ಯಾಜಿಕ್‌ನ ಹೊಸ ಡ್ಯಾಮೇಜ್ ನಿಯಮ, ಬಹಳ ದಿನ ಆಡಿದ ಮೇಲೆ

ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ ಆಡುವವರಲ್ಲಿ ಹಸಿರು ಬಣ್ಣದ ಕಾರ್ಡ್‌ಗಳ ಡೆಕ್ ಹಿಡಿದವರಿಗೆ ನನ್ನ ಸಂಕಟ ತಕ್ಷಣ ಅರ್ಥವಾಗುತ್ತದೆ. 2024ರ ನವೆಂಬರ್‌ನಲ್ಲಿ ಫೌಂಡೇಶನ್ಸ್ ಅನ್ನುವ ಕಾರ್ಡ್ ಸೆಟ್ ಜೊತೆಗೆ ಕಾಂಬ್ಯಾಟ್ ಡ್ಯಾಮೇಜ್ (ಕಾದಾಟದ ಏಟು) ಹಂಚುವ ನಿಯಮ ಬದಲಾಯಿತು. ದಾಳಿಗೆ ಬಂದ ಒಂದು ಕ್ರೀಚರ್‌ಗೆ, ಅಂದರೆ ಕಾದಾಡುವ ಜೀವಿಯ ಕಾರ್ಡ್‌ಗೆ (ಅಟ್ಯಾಕರ್), ಎದುರಾಳಿಯ ಎರಡು ಮೂರು ಕ್ರೀಚರ್‌ಗಳು (ಬ್ಲಾಕರ್) ಅಡ್ಡ ನಿಂತರೆ ಯಾವುದಕ್ಕೆ ಮೊದಲ ಏಟು, ಯಾವುದಕ್ಕೆ ಆಮೇಲೆ ಅಂತ ಅಟ್ಯಾಕ್ ಮಾಡಿದವರು ಸರದಿ ಹೇಳಬೇಕಿತ್ತಲ್ಲ, ಆ ಸರದಿಯನ್ನೇ ತೆಗೆದುಹಾಕಿದರು. ಸೆಟ್‌ನಲ್ಲಿ ಯಾವ ಯಾವ ಕಾರ್ಡ್ ಇವೆ, ಯಾವುದು ಮರುಮುದ್ರಣ ಅನ್ನೋದನ್ನೆಲ್ಲ ನೀವು ಆಗಲೇ ನೋಡಿರುತ್ತೀರಿ. ನಾನು ಬರೆಯುತ್ತಿರುವುದು ಈ ಒಂದು ಬದಲಾವಣೆ ಬಗ್ಗೆ. ನನ್ನ ಆಟವನ್ನು ಇಷ್ಟು ಅಲುಗಾಡಿಸಿದ್ದು ಇತ್ತೀಚಿನ ವರ್ಷಗಳಲ್ಲಿ ಬೇರೆ ಯಾವುದೂ ಇಲ್ಲ.

ನಾನು ಹೇಗೆ ಆಡುತ್ತೇನೆ ಅನ್ನೋದನ್ನು ಮೊದಲೇ ಹೇಳಿಬಿಡಬೇಕು, ತೀರ್ಪು ನಿಂತಿರುವುದು ಅದರ ಮೇಲೆ. ಟೂರ್ನಮೆಂಟ್‌ಗಳಿಗೆ ಹೋಗುವುದಿಲ್ಲ. ಮೇಜಿನ ಸುತ್ತ ಕೂರುವ ನಾಲ್ಕೈದು ಗೆಳೆಯರು, ಕೈಗೆಟಕುವ ಬೆಲೆಯ ಕಾಮನ್, ಅನ್‌ಕಾಮನ್ ಕಾರ್ಡ್‌ಗಳಿಂದ ಕಟ್ಟಿದ ಡೆಕ್‌ಗಳು. ರೇರ್ ಕಾರ್ಡ್ ಬೇಕೇ ಬೇಕು ಅಂತ ಹಣ ಸುರಿಯುವ ಜಾಯಮಾನ ನಮ್ಮ ಗುಂಪಿನಲ್ಲಿ ಯಾರದ್ದೂ ಅಲ್ಲ. ಇಂಥ ಡೆಕ್‌ಗಳಲ್ಲಿ ಆಟ ಮೂರನೇ ಟರ್ನ್‌ಗೆ ಕಾಂಬೊ ಹೊಡೆದು ಮುಗಿಯುವುದಿಲ್ಲ. ಕ್ರೀಚರ್‌ಗಳು ಎದುರುಬದುರು ನಿಂತು, ಬಡಿದಾಡಿಯೇ ತೀರ್ಮಾನ ಆಗಬೇಕು. ಆದ್ದರಿಂದ ಡ್ಯಾಮೇಜ್ ಹಂಚುವ ನಿಯಮದಲ್ಲಿ ಒಂದು ಪದ ಬದಲಾದರೂ ನಮಗೆ ಅದರ ಬಿಸಿ ತಟ್ಟುತ್ತದೆ.

ಹಳೆಯ ನಿಯಮದಲ್ಲಿ ನಾನು ಮೆಚ್ಚಿದ್ದು ಒಂದು ಪುಟ್ಟ ಗಳಿಗೆಯನ್ನು. ಎದುರಾಳಿ ತನ್ನ ದೊಡ್ಡ ಕ್ರೀಚರ್ ಕಾರ್ಡನ್ನು ಅಡ್ಡ ತಿರುಗಿಸಿ ಅಟ್ಯಾಕ್ ಅನ್ನುತ್ತಾನೆ. ನಾನು ಎರಡು ಚಿಕ್ಕ ಕಾರ್ಡ್‌ಗಳನ್ನು ನಿಧಾನವಾಗಿ ಮುಂದಕ್ಕೆ ಸರಿಸಿ ಅದರ ಎದುರಿಗೆ, ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಇಡುತ್ತೇನೆ. ಅವನು ನನ್ನ ಮುಖ ನೋಡುತ್ತಾನೆ, ನನ್ನ ಮುಂದೆ ಟ್ಯಾಪ್ ಆಗದೆ (ಬಳಸದೆ) ಉಳಿದಿರುವ ಫಾರೆಸ್ಟ್, ಅಂದರೆ ಕಾರ್ಡ್ ಆಡಲು ಬೇಕಾದ ಹಸಿರು ಮಾನಾ ಕೊಡುವ ಲ್ಯಾಂಡ್ ಕಾರ್ಡ್, ನೋಡುತ್ತಾನೆ, ಕೈಯಲ್ಲಿ ಎಷ್ಟು ಕಾರ್ಡ್ ಇವೆ ಅಂತ ಎಣಿಸುತ್ತಾನೆ. ಆಮೇಲೆ ಬೆರಳಿಟ್ಟು ಹೇಳುತ್ತಾನೆ: "ಮೊದಲು ಇದು, ಆಮೇಲೆ ಇದು." ಒಮ್ಮೆ ಹೇಳಿದ ಮೇಲೆ ಮುಗಿಯಿತು, ಮಾತು ಬದಲಿಸುವ ಹಾಗಿಲ್ಲ. ಒಂದು ಕ್ರೀಚರ್‌ಗೆ ಆ ಟರ್ನ್ ಮಟ್ಟಿಗೆ ಬಲ ಹೆಚ್ಚಿಸುವ ನನ್ನ ಜೈಂಟ್ ಗ್ರೋತ್ ಕಾರ್ಡ್ ಹೊರಗೆ ಬರುತ್ತಿದ್ದುದು ಆಮೇಲೆ.

ಲೆಕ್ಕ ನೋಡಿ. ಅವನದು 4/4, ನನ್ನವು ಎರಡೂ 2/2 (ಮೊದಲ ಅಂಕಿ ಹೊಡೆಯುವ ಡ್ಯಾಮೇಜ್, ಅಂದರೆ ಪವರ್; ಎರಡನೆಯದು ಸಾಯಲು ಬೇಕಾದ ಡ್ಯಾಮೇಜ್). ಟ್ರಿಕ್ (ಕಾದಾಟದ ನಡುವೆ ಹಾಕುವ ಇಂಥ ಕಾರ್ಡ್) ಇಲ್ಲದಿದ್ದರೆ ಅವನ ನಾಲ್ಕು ಡ್ಯಾಮೇಜ್ ಎರಡೆರಡಾಗಿ ಹಂಚಿ ನನ್ನ ಎರಡೂ ಸಾಯುತ್ತವೆ, ನನ್ನವೆರಡೂ ಸೇರಿ ಅವನದನ್ನೂ ಕೊಲ್ಲುತ್ತವೆ. ಅವನು ಸರದಿ ಹೇಳಿದ ಮೇಲೆ ನಾನು ಒಂದು ಹಸಿರು ಮಾನಾ ಕೊಟ್ಟು ಮೊದಲನೆಯದಕ್ಕೆ ಜೈಂಟ್ ಗ್ರೋತ್ ಹಾಕಿದರೆ ಅದು ಮೂರು ಮೂರು ಹೆಚ್ಚಿ 5/5 ಆಗುತ್ತಿತ್ತು. ಮೊದಲನೆಯದಕ್ಕೆ ಸಾಯುವಷ್ಟು ಡ್ಯಾಮೇಜ್ ಕೊಡದೆ ಎರಡನೆಯದನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ನಾಲ್ಕೂ ಡ್ಯಾಮೇಜ್ ಆ 5/5ರ ಮೇಲೆಯೇ ಬಿದ್ದು ವ್ಯರ್ಥ. ನನ್ನವೆರಡೂ ಉಳಿದವು, ಅವನದು ಹೋಯಿತು. ಒಂದು ಮಾನಾ ಕೊಟ್ಟು ಗೆದ್ದ ಇಂಥ ಹೋರಾಟದ ಸಂತೋಷ ಇಡೀ ಆಟ ಗೆದ್ದಷ್ಟೇ ದೊಡ್ಡದು.

ಹೊಸ ನಿಯಮದಲ್ಲಿ ಅವನು ಮೊದಲೇ ಏನೂ ಹೇಳಬೇಕಿಲ್ಲ. ನಾನು ಟ್ರಿಕ್ ಹಾಕುವುದನ್ನು ಪೂರ್ತಿ ನೋಡಿ, ಡ್ಯಾಮೇಜ್ ಬೀಳುವ ಹೊತ್ತಿಗೆ ತನಗೆ ಬೇಕಾದ ಹಾಗೆ ಹಂಚುತ್ತಾನೆ. ಅದೇ ಉದಾಹರಣೆಯಲ್ಲಿ ಈಗ 5/5 ಆದದ್ದನ್ನು ಬಿಟ್ಟು ಪಕ್ಕದ 2/2ಯನ್ನು ಕೊಂದು ಹೋಗುತ್ತಾನೆ. ನನ್ನ ಕಾರ್ಡ್‌ನ ಕೆಲಸ ಅರ್ಧಕ್ಕರ್ಧ ಇಳಿಯಿತು. ಮೊದಮೊದಲು ಇದು ಸಿಟ್ಟು ತರಿಸಿತು. ತಡೆಯುವವರ ಕೈಯಲ್ಲಿದ್ದ ಒಂದು ಅಸ್ತ್ರ ಕಿತ್ತು ಅಟ್ಯಾಕ್ ಮಾಡುವವರಿಗೆ ಕೊಟ್ಟಂತೆ ಅನಿಸಿತು. ಅದೂ ಕಾರ್ಡ್ ಕಾರ್ಡ್‌ಗೂ ನಡೆಯುವ ಹಣಾಹಣಿಯಲ್ಲೇ ಬದುಕುವ ನಮ್ಮಂಥ ಕಡಿಮೆ ಖರ್ಚಿನ ಆಟಗಾರರಿಗೆ.

ಈ ಆಟದಲ್ಲಿ ನಿಯಮ ಬದಲಾದಾಗಲೆಲ್ಲ ಆಟಗಾರರು ಕೊತಕೊತ ಕುದಿದಿದ್ದಾರೆ. 1999ರಲ್ಲಿ ಸಿಕ್ಸ್ತ್ ಎಡಿಷನ್ ಜೊತೆ ಸ್ಟ್ಯಾಕ್ (ಆಡಿದ್ದೆಲ್ಲ ಒಂದರ ಮೇಲೊಂದು ಕೂತು, ಕೊನೆಗೆ ಬಂದದ್ದು ಮೊದಲು ಜಾರಿಯಾಗುವ ಪದ್ಧತಿ) ಬಂತು, ಇಂಟರಪ್ಟ್ ಅನ್ನುವ ಕಾರ್ಡ್ ಜಾತಿಯೇ ಹೋಯಿತು. ಅವತ್ತಿನಿಂದ ಕಾಂಬ್ಯಾಟ್ ಡ್ಯಾಮೇಜ್ ಕೂಡ ಸ್ಟ್ಯಾಕ್ ಮೇಲೆ ಕೂರತೊಡಗಿತು. ಡ್ಯಾಮೇಜ್ ಹಂಚಿ ಆದ ಮೇಲೆ, ಅದು ತಗಲುವ ಮೊದಲು, ಒಂದು ಸಂದು ಸಿಗುತ್ತಿತ್ತು. ಮಾಗ್ ಫೆನಾಟಿಕ್ ಅನ್ನುವ ಒಂದು ಮಾನಾದ 1/1 ಗಾಬ್ಲಿನ್ ಆ ಸಂದಿನಲ್ಲಿ ಮೆರೆದ ಕಾರ್ಡ್: ಒಂದು 2/2ಯನ್ನು ಬ್ಲಾಕ್ ಮಾಡಿ, ತನ್ನ ಒಂದು ಡ್ಯಾಮೇಜ್ ಸ್ಟ್ಯಾಕ್ ಮೇಲೆ ಕೂತ ಮೇಲೆ ತನ್ನನ್ನೇ ಬಲಿ ಕೊಟ್ಟು ಇನ್ನೊಂದು ಡ್ಯಾಮೇಜ್ ಹೊಡೆದು, ತನಗಿಂತ ದೊಡ್ಡದನ್ನು ಜೊತೆಗೆ ಎಳೆದೊಯ್ಯುತ್ತಿತ್ತು. 2009ರ ಜುಲೈನಲ್ಲಿ, ಮ್ಯಾಜಿಕ್ 2010 ಹೊತ್ತಿಗೆ, ಡ್ಯಾಮೇಜನ್ನು ಸ್ಟ್ಯಾಕ್‌ನಿಂದ ಇಳಿಸಿದರು. ಆಗ ಎದ್ದ ಗದ್ದಲ ಹಳಬರಿಗೆ ನೆನಪಿರುತ್ತದೆ. ಆಟವನ್ನು ಮಕ್ಕಳಾಟ ಮಾಡಿಬಿಟ್ಟರು ಅನ್ನುವುದೇ ಎಲ್ಲರ ದೂರು. ಬಳಸದೆ ಉಳಿದ ಮಾನಾಕ್ಕೆ ಲೈಫ್ ಕಳೆಯುತ್ತಿದ್ದ ಮಾನಾ ಬರ್ನ್ ಕೂಡ ಅದೇ ಸಲ ಹೋಯಿತು. ಅದು ಹೋದದ್ದು ನನಗಂತೂ ಗೊತ್ತೇ ಆಗಲಿಲ್ಲ.

ನಾನು ಇಷ್ಟೊಂದು ಹಚ್ಚಿಕೊಂಡಿದ್ದ ಆ ಸರದಿ ಹುಟ್ಟಿದ್ದೂ 2009ರ ಅದೇ ಬದಲಾವಣೆಯಲ್ಲಿ. ಅದಕ್ಕೂ ಮೊದಲು ಅಟ್ಯಾಕ್ ಮಾಡಿದವರು ಬ್ಲಾಕರ್‌ಗಳ ನಡುವೆ ಡ್ಯಾಮೇಜನ್ನು ಮನಸ್ಸಿಗೆ ಬಂದ ಹಾಗೆ ಹಂಚಬಹುದಿತ್ತು. ಆದರೆ ಹಂಚಿದ್ದು ಸ್ಟ್ಯಾಕ್ ಮೇಲೆ ಕೂರುತ್ತಿದ್ದರಿಂದ ತಡೆದವರಿಗೂ ಉತ್ತರ ಕೊಡಲು ಅವಕಾಶ ಇರುತ್ತಿತ್ತು. ಈಗ ಹಂಚುವ ಸ್ವಾತಂತ್ರ್ಯ ವಾಪಸ್ ಬಂದಿದೆ, ಉತ್ತರ ಕೊಡುವ ಸಂದು ಬಂದಿಲ್ಲ. ನನ್ನ ಆಕ್ಷೇಪ ಇರುವುದು ಇಷ್ಟಕ್ಕೇ. ಹಳೆಯ ಎರಡು ಪದ್ಧತಿಗಳಲ್ಲೂ ತಡೆಯುವವರಿಗೆ ಕೊನೆಯ ಮಾತು ಆಡುವ ಒಂದು ಜಾಗ ಇತ್ತು. ಈ ಮೂರನೆಯದರಲ್ಲಿ ಅದು ಪೂರ್ತಿ ಅಟ್ಯಾಕ್ ಮಾಡುವವರ ಪಾಲು.

ಗದ್ದಲದ ವಿಷಯ ಬಂದಾಗ ಇನ್ನೊಂದು ಮಾತು. 2024ರ ಸೆಪ್ಟೆಂಬರ್‌ನಲ್ಲಿ ಮ್ಯಾಜಿಕ್‌ನದೇ ಒಂದು ಪ್ರಕಾರವಾದ ಕಮಾಂಡರ್ ಆಟದಲ್ಲಿ ಮಾನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್ ಸೇರಿ ನಾಲ್ಕು ಕಾರ್ಡ್‌ಗಳನ್ನು ನಿಷೇಧಿಸಿದಾಗ, ಆ ನಿಯಮಗಳನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರ ಸಮಿತಿಗೆ ಬೆದರಿಕೆಗಳು ಹೋದವು. ಕೆಲವೇ ದಿನಗಳಲ್ಲಿ ಅವರು ಆ ಹೊಣೆಯನ್ನೇ ಪ್ರಕಾಶಕರಿಗೆ ಒಪ್ಪಿಸಿ ಹಿಂದೆ ಸರಿದರು. ದುಬಾರಿ ಕಾರ್ಡ್ ಕೊಂಡವರ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ. ಬಿಡುವಿನ ಸಮಯ ಕೊಟ್ಟು ಆಟವನ್ನು ಕಾಪಾಡಿಕೊಂಡು ಬಂದವರನ್ನು ಹೆದರಿಸಿದ್ದು ಮಾತ್ರ ನಾಚಿಕೆಗೇಡು. ನಿಯಮ ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತ ಬರೆಯೋಣ, ಏಕೆ ಅಂತ ಲೆಕ್ಕ ಕೊಟ್ಟು ಬರೆಯೋಣ.

ನನ್ನ ಸಿಟ್ಟು ಇಳಿಯತೊಡಗಿದ್ದು ಗುಂಪಿಗೆ ಹೊಸಬಳೊಬ್ಬಳು ಸೇರಿದ ಮೇಲೆ. ಹಿಂದೆ ಹೊಸಬರಿಗೆ ಕಲಿಸುವಾಗ ಎಲ್ಲ ಸಲೀಸಾಗಿ ಸಾಗಿ, ಎರಡು ಬ್ಲಾಕರ್ ಬಂದ ಕೂಡಲೇ ಆಟ ನಿಲ್ಲುತ್ತಿತ್ತು. "ಈಗಲೇ ಯಾಕೆ ಹೇಳಬೇಕು? ಹೊಡೆಯುವುದು ಆಮೇಲೆ ತಾನೆ?" ಅನ್ನುವ ಪ್ರಶ್ನೆ ಪ್ರತಿಯೊಬ್ಬರಿಂದಲೂ ಬರುತ್ತಿತ್ತು. ಅದಕ್ಕೆ "ನಿಯಮ ಹಾಗಿದೆ" ಅನ್ನುವುದನ್ನು ಬಿಟ್ಟು ನನ್ನ ಹತ್ತಿರ ಉತ್ತರ ಇರಲಿಲ್ಲ. ಇವಳಿಗೆ ಆ ಪ್ರಶ್ನೆಯೇ ಹುಟ್ಟಲಿಲ್ಲ. ಬ್ಲಾಕರ್‌ಗಳು ಬಂದವು, ಟ್ರಿಕ್‌ಗಳು ಮುಗಿದವು, ಅವಳು ದಾಳಗಳನ್ನು ತೆಗೆದುಕೊಂಡು ತನ್ನ 5/5ರ ಐದು ಡ್ಯಾಮೇಜನ್ನು ಮೂರು ಇಲ್ಲಿ, ಎರಡು ಅಲ್ಲಿ ಅಂತ ನನ್ನ ಕಾರ್ಡ್‌ಗಳ ಮೇಲೆ ಇಟ್ಟಳು. ಯಾರೂ ವಿವರಿಸದೆ ಸರಿಯಾಗಿ ಇಟ್ಟಳು. ಅದನ್ನು ನೋಡಿ ನಿಜವಾಗಿಯೂ ಖುಷಿಯಾಯಿತು.

ಇನ್ನೊಂದು ವಿಷಯ ಆಡುತ್ತಾ ಆಡುತ್ತಾ ಗೊತ್ತಾಯಿತು. ಹಸಿರು ಡೆಕ್ ತಡೆಯುವುದಷ್ಟೇ ಅಲ್ಲ, ಮೇಜಿನ ಮೇಲಿನ ದೊಡ್ಡ ದೊಡ್ಡ ಕ್ರೀಚರ್‌ಗಳೂ ಸಾಮಾನ್ಯವಾಗಿ ಅದರವೇ. ನನ್ನ 6/6 ಅಟ್ಯಾಕ್‌ಗೆ ಹೋದಾಗ ಎದುರಿನವರು ಎರಡು ಮೂರು ಸೇರಿಸಿ ಅಡ್ಡ ನಿಲ್ಲಿಸಿ, ಒಂದು ಟ್ರಿಕ್ ಹಾಕಿ, ನಷ್ಟವಿಲ್ಲದೆ ಅದನ್ನು ಉರುಳಿಸುತ್ತಿದ್ದ ಕಾಲ ಹೋಯಿತು. ಈಗ ಗುಂಪಾಗಿ ಬ್ಲಾಕ್ ಮಾಡುವ ಮುಂಚೆ ಅವರು ಎರಡು ಸಲ ಯೋಚಿಸುತ್ತಾರೆ. ಎರಡೂ ಕಡೆ ಕ್ರೀಚರ್‌ಗಳು ಸಾಲುಗಟ್ಟಿ, ಯಾರೂ ಕದಲದೆ ಟರ್ನ್ ಮೇಲೆ ಟರ್ನ್ ಕಳೆಯುವ ಆ ಜಡತನ ನಮ್ಮ ಮೇಜಿನಲ್ಲಿ ಕಡಿಮೆಯಾಗಿದೆ. ಆಟ ಬೇಗ ಮುಗಿದು ಇನ್ನೊಂದು ಆಟಕ್ಕೆ ಹೊತ್ತು ಸಿಗುತ್ತಿದೆ.

ಆದರೂ ನನ್ನ ಲೆಕ್ಕದಲ್ಲಿ ಇತ್ತೀಚಿನ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದಲ್ಲ, 2019ರ ಲಂಡನ್ ಮಲ್ಲಿಗನ್ (ಮಲ್ಲಿಗನ್ ಅಂದರೆ ಆರಂಭದ ಕಾರ್ಡ್‌ಗಳು ಬೇಡವೆನಿಸಿದರೆ ಹೊಸದಾಗಿ ಎತ್ತುವುದು). ಮೊದಲಿಗೆ ಏಳು ಕಾರ್ಡ್ ಕೆಟ್ಟದಾಗಿ ಬಂದರೆ ಶಫಲ್ ಮಾಡಿ ಆರು, ಅದೂ ಕೆಟ್ಟರೆ ಐದು. 2015ರಲ್ಲಿ ಅದರ ಜೊತೆಗೆ ಒಂದು ಸ್ಕ್ರೈ (ಡೆಕ್‌ನ ಮೇಲಿನ ಕಾರ್ಡ್ ನೋಡಿ, ಬೇಡವಾದರೆ ಅಡಿಗೆ ಹಾಕುವ ಅವಕಾಶ) ಕೊಟ್ಟು ಸ್ವಲ್ಪ ಸಮಾಧಾನ ಮಾಡಿದರು. ಈಗ ಪ್ರತಿ ಸಲವೂ ಏಳು ಎತ್ತಿ, ಎಷ್ಟು ಮಲ್ಲಿಗನ್ ಆಗಿದೆಯೋ ಅಷ್ಟನ್ನು ಡೆಕ್‌ನ ಅಡಿಗೆ ಇಡುವುದು. ಆ ಏಳನ್ನು ಬೀಸಣಿಗೆಯಂತೆ ಬಿಡಿಸಿ ಹಿಡಿದು, ಲ್ಯಾಂಡ್‌ಗಳನ್ನು ಎಡಕ್ಕೆ ಸೇರಿಸಿ, ಯಾವುದನ್ನು ಬಿಡಲಿ ಅಂತ ಹೊಯ್ದಾಡುವ ಅರ್ಧ ನಿಮಿಷ ನನಗೆ ಆಟದ ಅಚ್ಚುಮೆಚ್ಚಿನ ಭಾಗ. ಆರು ಮಾನಾದ ದೈತ್ಯನನ್ನು ಅಡಿಗೆ ತಳ್ಳುವಾಗ ಹೊಟ್ಟೆ ಚುರ್ ಅನ್ನುತ್ತದೆ, ಆದರೂ ಕೈಯಲ್ಲಿ ಉಳಿದ ಆರು ಕಾರ್ಡ್‌ಗಳಿಂದ ಆಟ ಕಟ್ಟಬಹುದು ಅನ್ನುವ ಧೈರ್ಯ ಇರುತ್ತದೆ. ಇಲ್ಲಿ ನಿಯಮ ಆಟಗಾರರಿಗೆ ಹೊಸದೊಂದು ನಿರ್ಧಾರ ಕೊಟ್ಟಿತು. ಡ್ಯಾಮೇಜ್ ನಿಯಮ ಇದ್ದ ಒಂದು ನಿರ್ಧಾರವನ್ನು ತೆಗೆದುಕೊಂಡಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನಿಂದ ಆಗುವುದಿಲ್ಲ.

ಡೆಕ್‌ನಲ್ಲಿ ಮಾಡಿಕೊಂಡ ಬದಲಾವಣೆ, ಹಸಿರು ಆಡುವವರಿಗೆ ಉಪಯೋಗಕ್ಕೆ ಬರಬಹುದು. ನಾಲ್ಕು ಜೈಂಟ್ ಗ್ರೋತ್‌ನಲ್ಲಿ ಎರಡನ್ನು ತೆಗೆದೆ. ಆ ಜಾಗಕ್ಕೆ ನನ್ನ ಎಲ್ಲ ಕ್ರೀಚರ್‌ಗಳಿಗೂ ಒಟ್ಟಿಗೆ ಬಲ ಕೊಡುವ ಇನ್‌ಸ್ಟಂಟ್ (ಕಾದಾಟದ ನಡುವೆಯೂ ಹಾಕಬಹುದಾದ ಕಾರ್ಡ್) ಬಂತು, ಏಕೆಂದರೆ ಪಕ್ಕದ್ದನ್ನು ಹುಡುಕಿ ಹೊಡೆಯುವ ಅಟ್ಯಾಕರ್‌ಗೆ ಪಕ್ಕದ್ದೂ ದೊಡ್ಡದಾಗಿರಬೇಕು. ಅಟ್ಯಾಕರ್‌ನ ಪವರ್ ಇಳಿಸುವ ಕಾರ್ಡ್‌ಗಳಿಗೂ ಈಗ ಬೆಲೆ ಬಂದಿದೆ, ಹಂಚಲು ಡ್ಯಾಮೇಜೇ ಇಲ್ಲದಿದ್ದರೆ ಹಂಚುವ ಸ್ವಾತಂತ್ರ್ಯ ಇದ್ದೇನು. ಒಂಟಿ ಬ್ಲಾಕ್‌ನಲ್ಲಿ ಜೈಂಟ್ ಗ್ರೋತ್ ಹಿಂದಿನಷ್ಟೇ ಗಟ್ಟಿ. ಟ್ರ್ಯಾಂಪಲ್ (ಮಿಕ್ಕ ಡ್ಯಾಮೇಜ್ ಬ್ಲಾಕರ್ ದಾಟಿ ಎದುರಾಳಿಗೆ ತಗಲುವ ಗುಣ) ಇದ್ದರೆ ಮಾತ್ರ ನೆನಪಿಡಿ: ಆಟಗಾರರಿಗೆ ಡ್ಯಾಮೇಜ್ ದಾಟಿಸಬೇಕೆಂದರೆ ಎಲ್ಲ ಬ್ಲಾಕರ್‌ಗಳಿಗೂ ಸಾಯುವಷ್ಟು ಕೊಟ್ಟ ಮೇಲೆಯೇ. ಅದು ಬದಲಾಗಿಲ್ಲ, ನಮ್ಮಲ್ಲಿ ಆಗಾಗ ಜಗಳ ಏಳುವುದು ಇದೇ ವಿಷಯಕ್ಕೆ.

ಇನ್ನೂ ಬಗೆಹರಿಯದ ಕಿರಿಕಿರಿ ಒಂದಿದೆ. ಕಾರ್ಡ್ ಮೇಲೆ ಅಚ್ಚಾಗಿರುವುದು ಒಂದು, ಆಟದಲ್ಲಿ ನಡೆಯುವುದು ಇನ್ನೊಂದು. ಡ್ಯಾಮೇಜ್ ಹೊಡೆಯುವ ಲೈಟ್ನಿಂಗ್ ಬೋಲ್ಟ್ ಕಾರ್ಡ್‌ನ ಹಳೆಯ ಮುದ್ರಣದಲ್ಲಿ ಕ್ರೀಚರ್ ಅಥವಾ ಆಟಗಾರ ಅಂತಿದೆ, 2018ರಿಂದ ಅದು ಪ್ಲೇನ್ಸ್‌ವಾಕರ್ ಅನ್ನುವ ಇನ್ನೊಂದು ಜಾತಿಯ ಕಾರ್ಡ್‌ಗೂ ನೇರ ಹೊಡೆಯುತ್ತದೆ. 2020ರ ಇಕೋರಿಯಾ ಸೆಟ್‌ನ ಕಂಪ್ಯಾನಿಯನ್ ಕಾರ್ಡ್‌ಗಳದ್ದು ಇನ್ನೂ ಕಷ್ಟ. ಆಟದ ಹೊರಗಿನಿಂದ ನೇರ ಕಾಸ್ಟ್ ಮಾಡಬಹುದು (ಮಾನಾ ಕೊಟ್ಟು ಆಡಬಹುದು) ಅಂತ ಕಾರ್ಡೇ ಹೇಳುತ್ತದೆ, ಆದರೆ ಅದೇ ವರ್ಷ ಜೂನ್‌ನಿಂದ ಮೊದಲು ಮೂರು ಮಾನಾ ಕೊಟ್ಟು ಅದನ್ನು ಕೈಗೆ ತಂದುಕೊಳ್ಳಬೇಕು. ಬದಲಾವಣೆ ಬೇಕಾಗಿತ್ತು, ಆ ಕಾರ್ಡ್‌ಗಳು ಅಷ್ಟು ಬಲಿಷ್ಠವಾಗಿದ್ದವು. ಆದರೆ ಮೂಲೆಯ ಮೇಜಿನಲ್ಲಿ ಕೂತು ಆಡುವವರಿಗೆ ಇದು ಗೊತ್ತಾಗುವುದು ಹೇಗೆ? ಬೂಸ್ಟರ್ ಪೊಟ್ಟಣದಲ್ಲಿ ಟೋಕನ್ ಕಾರ್ಡ್ ಬರುತ್ತದಲ್ಲ, ಎಷ್ಟೋ ಸಲ ಅದರ ಹಿಂಬದಿಯಲ್ಲಿ ಜಾಹೀರಾತು ಇರುತ್ತದೆ. ಆ ಜಾಗದಲ್ಲಿ ಆ ವರ್ಷ ಬದಲಾದ ನಿಯಮಗಳನ್ನು ನಾಲ್ಕು ಸಾಲಿನಲ್ಲಿ ಅಚ್ಚು ಹಾಕಲಿ.