ಕ್ವಾಂಟಂ ಕೀಲಿ ಹಂಚಿಕೆಯ ಪ್ರಯೋಗ ಪೆಟ್ಟಿಗೆ: ಒಂದು ವರ್ಷದ ಬಳಕೆಯ ನಂತರ

ತುಮಕೂರಿನಲ್ಲಿ ನಾನು ಭೌತಶಾಸ್ತ್ರ ಕಲಿಸುವ ಪದವಿ ಕಾಲೇಜಿಗೆ ಕಳೆದ ವರ್ಷ ಈ ಪೆಟ್ಟಿಗೆಯನ್ನು ತರಿಸಿದೆವು. ಕ್ವಾಂಟಂ ಕೀಲಿ ಹಂಚಿಕೆ ಎಂದರೆ ಸಂದೇಶವನ್ನು ಗುಟ್ಟಾಗಿಡುವ ಕೀಲಿಯನ್ನು ಇಬ್ಬರು ಬೆಳಕಿನ ಮೂಲಕ ಹಂಚಿಕೊಳ್ಳುವುದು; ನಡುವೆ ಯಾರಾದರೂ ಕದ್ದು ಓದಿದರೆ ಅದು ತಪ್ಪುಗಳಾಗಿ ಕಾಣಿಸಿಕೊಳ್ಳುತ್ತದೆ. ಇದಕ್ಕಾಗಿ 1984ರಲ್ಲಿ ಚಾರ್ಲ್ಸ್ ಬೆನೆಟ್ ಮತ್ತು ಜಿಲ್ ಬ್ರಾಸಾರ್ಡ್ ಸೂಚಿಸಿದ ವಿಧಾನವನ್ನು ಮೇಜಿನ ಮೇಲೆ ಮಾಡಿ ತೋರಿಸುವ ಸಾಧನವಿದು: ಒಂದು ತುದಿಯಲ್ಲಿ ಕೆಂಪು ಲೇಸರ್, ನಡುವೆ ಬೆಳಕಿನ ಧ್ರುವೀಕರಣವನ್ನು (ಬೆಳಕಿನ ಅಲೆ ಕಂಪಿಸುವ ದಿಕ್ಕನ್ನು) ತಿರುಗಿಸುವ ಎರಡು ಫಲಕಗಳು, ಇನ್ನೊಂದು ತುದಿಯಲ್ಲಿ ಬೆಳಕನ್ನು ಎರಡು ದಾರಿಗೆ ಕಳಿಸುವ ಗಾಜಿನ ಘನ, ಒಂದೊಂದು ದಾರಿಗೂ ಒಂದು ಡಿಟೆಕ್ಟರ್.

ಕಲಿಸುವುದಕ್ಕೆ ಇದು ನಿಜಕ್ಕೂ ಒಳ್ಳೆಯ ಸಾಧನ. ಗುಬ್ಬಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ತನ್ನ ಫಲಕವನ್ನು ತಿರುಗಿಸುತ್ತಾ 48 ಬೆಳಕಿನ ಮಿಡಿತಗಳನ್ನು ಕಳಿಸಿದಳು; ಒಂದೊಂದು ಮಿಡಿತವೂ ಕೀಲಿಯ ಒಂದು ಬಿಟ್, ಅಂದರೆ 0 ಅಥವಾ 1. ನೆಟ್ಟಗಿನ ಕೋನಗಳೋ ಓರೆ ಕೋನಗಳೋ ಎಂಬಲ್ಲಿ ಆಚೆ ಕುಳಿತು ಅಳೆಯುವವನ ಆಯ್ಕೆ ಅವಳ ಆಯ್ಕೆಯೊಂದಿಗೆ 25 ಸಲ ಹೊಂದಿತು, ಆ 25 ಬಿಟ್‌ಗಳೂ ತಪ್ಪಿಲ್ಲದೆ ತಾಳೆಯಾದವು. ನಡುವೆ ಕದ್ದು ಓದುವವನ ಭಾಗಗಳನ್ನು ಕೂರಿಸಿ ಮತ್ತೆ ಮಾಡಿದಾಗ, ಹೊಂದಿದ 24 ಬಿಟ್‌ಗಳಲ್ಲಿ 7 ಕೆಟ್ಟವು. ಸಿದ್ಧಾಂತ ಹೇಳುವುದು ಕಾಲುಭಾಗ. ಆ ಏಳು ತಪ್ಪುಗಳನ್ನು ಮಕ್ಕಳು ತಾವೇ ಹುಡುಕಿ ಸುತ್ತು ಹಾಕಿದರು.

ಆದರೆ ಮಾರಿದ ಕಂಪನಿಯ ಕರಪತ್ರದಲ್ಲಿ ‘ಒಂಟಿ ಫೋಟಾನ್ ಪ್ರಯೋಗ’ (ಒಮ್ಮೆಗೆ ಬೆಳಕಿನ ಒಂದೇ ಕಣ ಹೋಗುವ ಪ್ರಯೋಗ) ಎಂದು ಅಚ್ಚಾಗಿರುವುದನ್ನು ನಾನು ಒಪ್ಪಲಾರೆ. ಒಂದು ಮಿಲಿವ್ಯಾಟ್‌ನ ಕೆಂಪು ಲೇಸರ್ ಒಂದು ಮಿಲಿಸೆಕೆಂಡು ಉರಿದರೆ ಸುಮಾರು 3 ಲಕ್ಷ ಕೋಟಿ ಫೋಟಾನ್‌ಗಳು ಹೊರಡುತ್ತವೆ. ಕೋನಗಳು ಹೊಂದದಿದ್ದಾಗ ಆ ಬೆಳಕು ಎರಡೂ ಡಿಟೆಕ್ಟರ್‌ಗಳಿಗೆ ಸಮನಾಗಿ ಬೀಳುತ್ತದೆ. ಆಗ ಒಳಗಿನ ಸರ್ಕ್ಯೂಟ್ ಯಾವುದೋ ಒಂದು ದೀಪವನ್ನು ಮಾತ್ರ ಹೊತ್ತಿಸುತ್ತದೆ. ನಿಜವಾದ ಒಂಟಿ ಫೋಟಾನ್ ಹೀಗೆ ಎರಡೂ ಕಡೆ ಸಿಗುವುದಿಲ್ಲ, ಒಂದೇ ಕಡೆ ಸಿಗುತ್ತದೆ, ಮತ್ತು ಕೀಲಿಯ ಭದ್ರತೆಯೆಲ್ಲ ನಿಂತಿರುವುದು ಅದರ ಮೇಲೆಯೇ. ಇಷ್ಟು ಪ್ರಖರ ಮಿಡಿತದಿಂದ ಕಳ್ಳನೊಬ್ಬ ಒಂದು ಚೂರು ಬೆಳಕನ್ನು ತೆಗೆದುಕೊಂಡರೆ ಯಾರಿಗೂ ಗೊತ್ತಾಗದು. 405 ನ್ಯಾನೋಮೀಟರಿನ ನೇರಳೆ ಲೇಸರನ್ನು ವಿಶೇಷ ಹರಳಿನ ಮೂಲಕ ಹಾಯಿಸಿ, ಅಪರೂಪಕ್ಕೊಮ್ಮೆ ಹುಟ್ಟುವ 810 ನ್ಯಾನೋಮೀಟರಿನ ಜೋಡಿ ಫೋಟಾನ್‌ಗಳಲ್ಲಿ ಒಂದನ್ನು ಹಿಡಿದು ಇನ್ನೊಂದು ಬಂದಿದೆಯೆಂದು ತಿಳಿಯುವ ನಿಜವಾದ ಒಂಟಿ ಫೋಟಾನ್ ಏರ್ಪಾಡು ಬೇರೆಯೇ, ಅದರ ಬೆಲೆಯೂ ಬೇರೆಯೇ.

ಸಣ್ಣ ತೊಂದರೆಗಳೂ ಇವೆ. ಫಲಕದ ಅಂಚಿನ ಕೋನದ ಗುರುತುಗಳು ಎರಡೇ ತಿಂಗಳಲ್ಲಿ ಅಳಿಸಿದವು. ನಮ್ಮ ಕೋಣೆ ಬಿ.ಎಚ್. ರಸ್ತೆಯ ಕಡೆಗಿದ್ದು, ಮಧ್ಯಾಹ್ನದ ಬಿಸಿಲಿಗೆ ಡಿಟೆಕ್ಟರ್ ತಪ್ಪು ತೋರಿಸುತ್ತಿತ್ತು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಮೇಲೆ ಸರಿಹೋಯಿತು.

2023ರಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟ ಮೇಲೆ ಈ ವಿಷಯ ಕೇಳಿಕೊಂಡು ಬರುವ ವಿದ್ಯಾರ್ಥಿಗಳು ನಮ್ಮಲ್ಲಿ ಹೆಚ್ಚಿದ್ದಾರೆ. ಅವರಿಗಾಗಿ ಕಾಲೇಜುಗಳು ಇದನ್ನು ಕೊಳ್ಳಬಹುದು. ಕೊಂಡವರು ಮೊದಲ ತರಗತಿಯಲ್ಲೇ ಇದು ಅಣಕು ಪ್ರಯೋಗ ಎಂದು ಹೇಳಿಬಿಡಬೇಕು.